ರಿಸಾಲ್ವ್.ಕಾನ್ಫ್ ಕಡತಕ್ಕೆ ಬೀಗ ಹಾಕುವ ಮೊದಲು

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿರುವ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನು ಲೆಕ್ಕಿಗ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದ ಮೇಲೆ ಆ ಹೊಣೆಯೂ ನನ್ನ ಪಾಲಿಗೆ ಬಂದಿದೆ. ಮೂರು ಕಂಪ್ಯೂಟರ್‌ಗಳಿವೆ, ಮೂರರಲ್ಲೂ ಡೆಬಿಯನ್ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ. ಕಳೆದ ಶನಿವಾರ ಸಂಜೆ ಮೂರನ್ನೂ 11ನೇ ಆವೃತ್ತಿಯಿಂದ 12ಕ್ಕೆ ಅಪ್‌ಗ್ರೇಡ್ ಮಾಡಿದೆ. ಎರಡು ಸರಿಯಾಗಿ ನಡೆಯುತ್ತಿವೆ. ಕೌಂಟರ್‌ನಲ್ಲಿರುವುದು ಮಾತ್ರ ಸೋಮವಾರ ಬೆಳಿಗ್ಗೆ ಯಾವ ಜಾಲತಾಣವನ್ನೂ ತೆರೆಯಲಿಲ್ಲ. 8.8.8.8ಕ್ಕೆ ಪಿಂಗ್ (ತಲುಪುತ್ತದೆಯೇ ಎಂಬ ಪರೀಕ್ಷೆ) ಮಾಡಿದರೆ ಉತ್ತರ ಬರುತ್ತದೆ. ಹೆಸರು ಕೊಟ್ಟರೆ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎನ್ನುತ್ತದೆ. /ಇಟಿಸಿ/ರಿಸಾಲ್ವ್.ಕಾನ್ಫ್ ಎಂಬ ಕಡತ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿ ಕಾಣುತ್ತಿತ್ತು, ತೆರೆಯಲು ಹೋದರೆ ಅಂತಹ ಕಡತವೇ ಇಲ್ಲ ಎನ್ನುತ್ತಿತ್ತು. ಪರಿಚಿತರೊಬ್ಬರ ಮಾತಿನಂತೆ ಅದನ್ನು ಅಳಿಸಿ, ಹೊಸದಾಗಿ ‘ನೇಮ್‌ಸರ್ವರ್ 8.8.8.8’ ಎಂದು ಬರೆದೆ. ಹೊರಗಿನ ತಾಣಗಳು ತೆರೆದವು. ಆದರೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ತಲುಪುವ ನಮ್ಮ ಕೇಂದ್ರ ಕಚೇರಿಯ ತಂತ್ರಾಂಶ ಈಗಲೂ ತೆರೆಯುತ್ತಿಲ್ಲ. ಕಡತ ಮತ್ತೆ ಬದಲಾಗದಂತೆ ‘ಸಿಎಚ್‌ಎಟಿಟಿಆರ್ +ಐ’ ಆಜ್ಞೆ ಕೊಟ್ಟು ಬೀಗ ಹಾಕಿಬಿಡಿ ಎಂದೂ ಅವರು ಹೇಳಿದ್ದಾರೆ. ಹಾಕಲೇ?

ಉತ್ತರ: ಹಾಕಬೇಡಿ. ಈಗಾಗಲೇ ಹಾಕಿದ್ದರೆ ಅದೇ ಆಜ್ಞೆಯನ್ನು ಪ್ಲಸ್ ಬದಲು ಮೈನಸ್ ಚಿಹ್ನೆಯೊಂದಿಗೆ ಕೊಟ್ಟು ಇಂದೇ ತೆಗೆಯಿರಿ. ಹೆಸರಿನ ವಿಳಾಸವನ್ನು ಯಾರಲ್ಲಿ ಕೇಳಬೇಕೆಂದು ಯಂತ್ರಕ್ಕೆ ಹೇಳುವ ಆ ಕಡತಕ್ಕೆ ನಿಮ್ಮ ಯಂತ್ರದಲ್ಲಿ ಒಬ್ಬ ಯಜಮಾನನಿದ್ದ, ಎಂದರೆ ಅದನ್ನು ಬರೆಯುವ ಒಂದು ಸೇವೆ. ಅಪ್‌ಗ್ರೇಡ್ ಆಗುವಾಗ ಅವನು ಮನೆ ಬಿಟ್ಟಿದ್ದಾನೆ. ಅವನನ್ನು ಮರಳಿ ಕರೆತಂದರೆ ನಿಮ್ಮ ಎರಡೂ ತೊಂದರೆಗಳು ಒಟ್ಟಿಗೇ ನೀಗುತ್ತವೆ. ಬೀಗ ಹಾಕಿದರೆ ಅವನು ಬಂದರೂ ಬಾಗಿಲು ತೆರೆಯುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಆಜ್ಞೆಗಳನ್ನು, ಕಡತಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಿ.

ನೀವು ಮಾಡಿದ ಮೊದಲ ಪರೀಕ್ಷೆ ಅಚ್ಚುಕಟ್ಟಾಗಿದೆ. ಅಂಕಿಯ ವಿಳಾಸಕ್ಕೆ ಪಿಂಗ್ ಹೋಗಿ ಬರುತ್ತದೆ ಎಂದರೆ ಕೇಬಲ್, ರೌಟರ್, ಇಂಟರ್‌ನೆಟ್ ಸಂಪರ್ಕ ಎಲ್ಲವೂ ಸರಿಯಾಗಿವೆ. ಕೆಟ್ಟಿರುವುದು ಹೆಸರಿನಿಂದ ವಿಳಾಸ ಹುಡುಕುವ ಕೆಲಸ ಮಾತ್ರ. ಜನರಿಗೆ ಹೆಸರು ಬೇಕು, ಯಂತ್ರಕ್ಕೆ ಅಂಕಿ ಬೇಕು. ನಡುವೆ ಒಂದು ಪಟ್ಟಿ ಬೇಕು. ನಮ್ಮ ಬೆಳಗಾವಿಯ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು, ಆದರೆ ರೈಲ್ವೆಯ ಕೋಡ್ ಇಂದಿಗೂ ಬಿಜಿಎಂ. ಟಿಕೆಟ್ ಕೊಡುವಾತ ನಾವು ಹೇಳಿದ ಊರಿನ ಹೆಸರನ್ನು ಆ ಕೋಡಿಗೆ ಹೊಂದಿಸಿಕೊಳ್ಳುತ್ತಾನೆ. ರೈಲು ಓಡುತ್ತಿದೆ, ಹಳಿಯೂ ಸರಿ ಇದೆ, ಆದರೆ ಟಿಕೆಟ್ ಕಿಟಕಿ ಮುಚ್ಚಿದೆ: ನಿಮ್ಮ ಕೌಂಟರ್ ಯಂತ್ರದ ಸ್ಥಿತಿ ಇದು.

ಹಿಂದೆ ಜಾಲದಲ್ಲಿ ಕೆಲವೇ ಯಂತ್ರಗಳಿದ್ದಾಗ ಇಂತಹ ಪಟ್ಟಿ ಒಂದೇ ಕಡತವಾಗಿತ್ತು. ಅಮೆರಿಕದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಕೈಯಿಂದಲೇ ತಿದ್ದಿ ಎಲ್ಲರಿಗೂ ಹಂಚುತ್ತಿದ್ದರು. ಜಾಲ ಬೆಳೆದಂತೆ ಅದು ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಆ ಪಟ್ಟಿಯನ್ನು ಹಲವು ಸರ್ವರ್‌ಗಳಿಗೆ ಹಂಚುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಆ ಹಳೆಯ ಕಡತದ ಕುಡಿ ಇಂದಿಗೂ ನಿಮ್ಮ ಯಂತ್ರದಲ್ಲಿ /ಇಟಿಸಿ/ಹೋಸ್ಟ್ಸ್ ಎಂಬ ಹೆಸರಿನಲ್ಲಿ ಇದೆ. ಅದು ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.

ಈಗ ಆ ಕೆಂಪು ಬಣ್ಣದ ಕಡತಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಅಳಿಸುವ ಮೊದಲು ‘ಎಲ್‌ಎಸ್ -ಎಲ್ /ಇಟಿಸಿ/ರಿಸಾಲ್ವ್.ಕಾನ್ಫ್’ ಎಂದು ಕೇಳಿದ್ದರೆ, ಸಾಲಿನ ಮೊಟ್ಟಮೊದಲ ಅಕ್ಷರ ಎಲ್ ಆಗಿರುತ್ತಿತ್ತು. ಸಾಲಿನ ಕೊನೆಯಲ್ಲಿ ಒಂದು ಬಾಣದ ಗುರುತು, ಬಾಣದ ಆಚೆ ಬಹುತೇಕ ಖಚಿತವಾಗಿ /ರನ್/ಸಿಸ್ಟಮ್‌ಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್ ಎಂಬ ದಾರಿ. ಎಂದರೆ ಅದು ಕಡತವಲ್ಲ, ಸಿಮ್‌ಲಿಂಕ್. ‘ಇಲ್ಲಿಲ್ಲ, ಅಲ್ಲಿಗೆ ಹೋಗಿ’ ಎಂದು ತೋರಿಸುವ ಹಲಗೆ. ಹಲಗೆ ನಿಂತಿತ್ತು; ಆದ್ದರಿಂದ ಪಟ್ಟಿಯಲ್ಲಿ ಕಾಣಿಸಿತು. ಹಲಗೆ ತೋರಿಸಿದ ಜಾಗದಲ್ಲಿ ಏನೂ ಇರಲಿಲ್ಲ. ಆದ್ದರಿಂದ ತೆರೆಯಲು ಹೋದಾಗ ಇಲ್ಲ ಎಂದಿತು. ಕೆಂಪು ಬಣ್ಣ ಹೇಳುವುದೂ ಅದನ್ನೇ: ಗುರಿ ಇಲ್ಲದ ಕೊಂಡಿ.

ನವನಗರದಲ್ಲಿ ಇರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಮುಳುಗಿ, ಕುಟುಂಬಗಳು ಸೆಕ್ಟರ್ ಸಂಖ್ಯೆಯ ಹೊಸ ವಿಳಾಸಗಳಿಗೆ ಬಂದವು. ಹಳೆಯ ಓಣಿಯ ವಿಳಾಸ ಬರೆದ ಲಕೋಟೆಯಲ್ಲಿ ಹೆಸರು ಸರಿ, ಅಕ್ಷರ ಸರಿ, ಅಂಚೆ ಚೀಟಿಯೂ ಸರಿ. ಹೋಗಿ ನೋಡಿದರೆ ಮನೆ ಇದ್ದ ಕಡೆ ನೀರು. ನಿಮ್ಮ ಕಡತಕ್ಕೂ ಹೀಗೇ ಆಗಿದೆ. ಆದರೆ ಇಲ್ಲಿ ಒಂದು ಸಮಾಧಾನವಿದೆ, ಈ ಮನೆಯನ್ನು ಹತ್ತು ನಿಮಿಷದಲ್ಲಿ ಮತ್ತೆ ಕಟ್ಟಬಹುದು.

ಮನೆ ಹೋದದ್ದು ಹೇಗೆ? ಸಿಸ್ಟಮ್‌ಡಿ-ರಿಸಾಲ್ವ್‌ಡ್ ಎಂಬ ಒಂದು ಸೇವೆ ಇದೆ. ಸದಾ ಹಿನ್ನೆಲೆಯಲ್ಲಿ ಓಡುತ್ತಾ, ಯಂತ್ರದೊಳಗಿನ ಯಾವ ಪ್ರೋಗ್ರಾಂ ಹೆಸರು ಕೇಳಿದರೂ ವಿಳಾಸ ಹುಡುಕಿ ಕೊಡುವುದು ಅದರ ಕೆಲಸ. ಅದು ಆರಂಭವಾದಾಗ /ರನ್ ಫೋಲ್ಡರಿನೊಳಗೆ ತನ್ನ ಕಡತವನ್ನು ಬರೆಯುತ್ತದೆ. /ರನ್ ಇರುವುದು ಡಿಸ್ಕ್‌ನಲ್ಲಲ್ಲ, ಮೆಮೊರಿಯಲ್ಲಿ; ಯಂತ್ರ ಆರಿಸಿದರೆ ಅಲ್ಲಿದ್ದದ್ದೆಲ್ಲ ಅಳಿಸಿಹೋಗಿ, ಮುಂದಿನ ಸಲ ಮತ್ತೆ ಹುಟ್ಟಬೇಕು. ಡೆಬಿಯನ್ 11ರಲ್ಲಿ ಈ ಸೇವೆ ಯಂತ್ರದ ಸೇವೆಗಳನ್ನೆಲ್ಲ ನಡೆಸುವ ಸಿಸ್ಟಮ್‌ಡಿ ಪ್ಯಾಕೇಜಿನ ಒಳಗೇ ಬರುತ್ತಿತ್ತು, ಆದರೆ ಯಾರಾದರೂ ಕೈಯಾರೆ ಚಾಲೂ ಮಾಡದಿದ್ದರೆ ಸುಮ್ಮನೆ ಮಲಗಿರುತ್ತಿತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದನ್ನು ಬೇರ್ಪಡಿಸಿ ಪ್ರತ್ಯೇಕ ಪ್ಯಾಕೇಜ್ ಮಾಡಿದರು. ಅಪ್‌ಗ್ರೇಡ್ ಮಾಡಿದಾಗ ಆ ಹೊಸ ಪ್ಯಾಕೇಜ್ ತಾನಾಗಿ ಬರುವುದಿಲ್ಲ. ಆ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ: ಈ ಸೇವೆಯನ್ನು ಬಳಸುತ್ತಿದ್ದವರು ಕೈಯಾರೆ ಹಾಕಿಕೊಳ್ಳಬೇಕು, ಹಾಕುವವರೆಗೆ ಹೆಸರು ಹುಡುಕುವ ಕೆಲಸ ನಿಲ್ಲಬಹುದು.

ಸೇವೆ ಹೋಯಿತು, ಕೊಂಡಿ ಉಳಿಯಿತು. ನಿಮ್ಮ ಇನ್ನೆರಡು ಯಂತ್ರಗಳಿಗೆ ಏನೂ ಆಗದಿರುವುದಕ್ಕೂ ಇದೇ ಕಾರಣ. ಅವುಗಳಲ್ಲಿ ಈ ಸೇವೆಯನ್ನು ಯಾರೂ ಚಾಲೂ ಮಾಡಿರಲಿಲ್ಲ, ರಿಸಾಲ್ವ್.ಕಾನ್ಫ್ ಸಾದಾ ಕಡತವಾಗಿಯೇ ಇತ್ತು. ಅಲ್ಲಿ ‘ಎಲ್‌ಎಸ್ -ಎಲ್’ ಮಾಡಿ ನೋಡಿ, ಬಾಣ ಇರುವುದಿಲ್ಲ.

ಹಾಗಾದರೆ ನಿಮ್ಮ ಹಿಂದಿನವರು ಕೌಂಟರ್ ಯಂತ್ರದಲ್ಲಿ ಮಾತ್ರ ಏಕೆ ಚಾಲೂ ಮಾಡಿದ್ದರು? ಉತ್ತರ ನಿಮ್ಮ ಪ್ರಶ್ನೆಯ ಕೊನೆಯಲ್ಲೇ ಇದೆ: ಅಲ್ಲಿ ವಿಪಿಎನ್ ಇದೆ. ಅವರು ತಿಳಿದೇ ಮಾಡಿದ್ದಾರೆ. ಕೇಂದ್ರ ಕಚೇರಿಯ ತಂತ್ರಾಂಶದ ಹೆಸರು ಹೊರಗಿನ ಜಗತ್ತಿಗೆ ಗೊತ್ತಿರುವ ಹೆಸರಲ್ಲ. ಅದು ಕೇಂದ್ರ ಕಚೇರಿಯ ಸ್ವಂತ ಡಿಎನ್‌ಎಸ್ ಸರ್ವರ್‌ಗೆ ಮಾತ್ರ ಗೊತ್ತು. 8.8.8.8 ಎಂಬುದು ಗೂಗಲ್ 2009ರಿಂದ ನಡೆಸುತ್ತಿರುವ ಸಾರ್ವಜನಿಕ ಸರ್ವರ್. ಅದನ್ನು ಎಷ್ಟು ಸಲ ಕೇಳಿದರೂ ‘ಅಂತಹ ಹೆಸರೇ ಇಲ್ಲ’ ಎನ್ನುತ್ತದೆ, ಮತ್ತು ಅದರ ಮಟ್ಟಿಗೆ ಅದು ಸತ್ಯವನ್ನೇ ಹೇಳುತ್ತಿದೆ. ರಿಸಾಲ್ವ್‌ಡ್ ಇದ್ದಾಗ ಅದು ಹೆಸರಿನ ಕೊನೆಯ ಭಾಗ ನೋಡಿ ದಾರಿ ಆರಿಸುತ್ತಿತ್ತು. ಕೇಂದ್ರ ಕಚೇರಿಯ ಡೊಮೇನ್‌ನಿಂದ ಮುಗಿಯುವ ಹೆಸರಾದರೆ ವಿಪಿಎನ್ ಆಚೆಯ ಸರ್ವರ್, ಉಳಿದದ್ದೆಲ್ಲ ರೌಟರ್. ರಿಸಾಲ್ವ್.ಕಾನ್ಫ್ ಎಂಬ ಸಾದಾ ಕಡತಕ್ಕೆ ಹೀಗೆ ದಾರಿ ವಿಂಗಡಿಸುವ ಶಕ್ತಿ ಇಲ್ಲ.

ಇಲ್ಲಿ ನಿಮಗೆ ಇನ್ನೊಂದು ಸಲಹೆ ಬಂದೇ ಬರುತ್ತದೆ, ನಾನು ಮೊದಲೇ ತಡೆಯುತ್ತೇನೆ. ‘ಎರಡು ನೇಮ್‌ಸರ್ವರ್ ಸಾಲು ಬರೆಯಿರಿ, ಮೊದಲು 8.8.8.8, ಅದರ ಕೆಳಗೆ ಕೇಂದ್ರ ಕಚೇರಿಯದು. ಮೊದಲನೆಯದಕ್ಕೆ ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳುತ್ತದೆ’ ಎಂದು ಹೇಳುವವರು ಬಹಳ ಜನ. ವರ್ಷಗಳಿಂದ ಸರ್ವರ್ ನಡೆಸುತ್ತಿರುವವರ ಬಾಯಲ್ಲೂ ಈ ಮಾತು ಕೇಳಿದ್ದೇನೆ. ಇದು ತಪ್ಪು. ಎರಡನೆಯ ಸಾಲಿಗೆ ಸರದಿ ಬರುವುದು ಮೊದಲನೆಯ ಸರ್ವರ್ ಉತ್ತರವನ್ನೇ ಕೊಡದಿದ್ದಾಗ, ಇಲ್ಲವೇ ತನ್ನಲ್ಲೇ ತೊಂದರೆ ಇದೆ ಎಂದಾಗ ಮಾತ್ರ. ‘ಅಂತಹ ಹೆಸರಿಲ್ಲ’ ಎಂಬುದು ಪೂರ್ಣ ಉತ್ತರ. ಅದು ಬಂದೊಡನೆ ಹುಡುಕಾಟ ಅಲ್ಲಿಗೇ ಮುಗಿಯಿತು. ಸಾಲುಗಳನ್ನು ತಿರುಗಿಸಿ ಕೇಂದ್ರ ಕಚೇರಿಯದನ್ನು ಮೇಲೆ ಬರೆದರೆ, ವಿಪಿಎನ್ ಇರುವಷ್ಟು ಹೊತ್ತು ನಡೆದೀತು. ವಿಪಿಎನ್ ಬಿದ್ದ ದಿನ ಪ್ರತಿಯೊಂದು ಹೆಸರಿಗೂ ಮೊದಲ ಸರ್ವರ್‌ಗಾಗಿ ಐದು ಸೆಕೆಂಡ್ ಕಾಯಬೇಕು. ಬ್ರೌಸರ್‌ನ ಒಂದು ಪುಟದಲ್ಲಿ ಹತ್ತಾರು ಹೆಸರುಗಳಿರುತ್ತವೆ. ಕೌಂಟರ್ ಮುಂದೆ ಸರದಿ ಬೆಳೆಯುವುದು ಇಂತಹ ಐದೈದು ಸೆಕೆಂಡ್‌ಗಳಿಂದಲೇ. ನಾಲ್ಕನೆಯ ಸಾಲು ಬರೆಯುವವರೂ ಇದ್ದಾರೆ. ಮೂರರ ಆಚೆಗಿನದನ್ನು ಯಂತ್ರ ಓದುವುದೇ ಇಲ್ಲ.

ಇನ್ನು ಮಾಡಬೇಕಾದ ಕೆಲಸ. ನೀವು ಬರೆದ 8.8.8.8 ಸಾಲು ಶಾಶ್ವತ ಪರಿಹಾರವಲ್ಲ, ಆದರೆ ವ್ಯರ್ಥವೂ ಅಲ್ಲ. ಇಂತಹ ದೋಷದಲ್ಲಿ ನಿಜವಾದ ಇಕ್ಕಟ್ಟು ಏನೆಂದರೆ, ಕಳೆದುಹೋದ ಪ್ಯಾಕೇಜನ್ನು ತರಿಸಲು ಡೆಬಿಯನ್‌ನ ಸರ್ವರ್ ಹೆಸರನ್ನು ಹುಡುಕಬೇಕು, ಹೆಸರು ಹುಡುಕಲು ಆ ಪ್ಯಾಕೇಜೇ ಬೇಕು. ಹಗ್ಗ ಬಾವಿಗೆ ಬಿದ್ದಿದೆ, ಎತ್ತಲು ಹಗ್ಗವೇ ಇಲ್ಲ. ಆ ಒಂದು ಸಾಲು ನಿಮಗೆ ಎರವಲು ಹಗ್ಗ. ಅದು ಇರುವಾಗಲೇ ‘ಸುಡೊ ಎಪಿಟಿ ಅಪ್‌ಡೇಟ್’ ಮಾಡಿ, ನಂತರ ‘ಸುಡೊ ಎಪಿಟಿ ಇನ್‌ಸ್ಟಾಲ್ ಸಿಸ್ಟಮ್‌ಡಿ-ರಿಸಾಲ್ವ್‌ಡ್’ ಕೊಡಿ. ಪ್ಯಾಕೇಜ್ ಕುಳಿತೊಡನೆ ರಿಸಾಲ್ವ್.ಕಾನ್ಫ್ ಕಡತವನ್ನು ಅದು ತಾನಾಗಿಯೇ ವಶಕ್ಕೆ ತೆಗೆದುಕೊಂಡು, ಮತ್ತೆ ಕೊಂಡಿ ಮಾಡುತ್ತದೆ. ಬೀಗ ಹಾಕಬೇಡಿ ಎಂದು ಮೊದಲ ಸಾಲಿನಲ್ಲೇ ಹೇಳಿದ್ದು ಇದಕ್ಕಾಗಿ. ಬೀಗ ಇದ್ದರೆ ಈ ಹೆಜ್ಜೆಯೇ ಎಡವುತ್ತದೆ.

ಆಮೇಲೆ ‘ಕ್ಯಾಟ್ /ಇಟಿಸಿ/ರಿಸಾಲ್ವ್.ಕಾನ್ಫ್’ ಮಾಡಿದರೆ 8.8.8.8 ಹೋಗಿ ‘ನೇಮ್‌ಸರ್ವರ್ 127.0.0.53’ ಎಂಬ ಸಾಲು ಕಾಣಬೇಕು. ಇದನ್ನು ನೋಡಿ ಗಾಬರಿಯಾಗಿ ಮತ್ತೆ ತಿದ್ದಲು ಹೊರಡುವವರಿದ್ದಾರೆ. 127ರಿಂದ ಆರಂಭವಾಗುವ ವಿಳಾಸ ಎಂದರೆ ಇದೇ ಯಂತ್ರ, ಹೊರಗಿನ ಯಾವುದೂ ಅಲ್ಲ. ಪ್ರೋಗ್ರಾಂಗಳು ಮನೆಯೊಳಗೇ ಇರುವ ರಿಸಾಲ್ವ್‌ಡ್ ಅನ್ನು ಕೇಳುತ್ತವೆ, ಅದು ಹೊರಗಿನವರನ್ನು ಕೇಳುತ್ತದೆ. ಹೊರಗೆ ಅದು ಯಾರನ್ನು ಕೇಳುತ್ತಿದೆ ಎಂಬುದು ಈ ಕಡತದಲ್ಲಿ ಕಾಣುವುದಿಲ್ಲ. ಅದಕ್ಕೆ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಎಂಬ ಆಜ್ಞೆ ಇದೆ. ಈ ಒಂದು ಆಜ್ಞೆಯನ್ನು ದಯವಿಟ್ಟು ಕಲಿತಿಟ್ಟುಕೊಳ್ಳಿ. ಪ್ರತಿಯೊಂದು ನೆಟ್‌ವರ್ಕ್ ಕೊಂಡಿಗೂ (ಯಂತ್ರ ಜಾಲಕ್ಕೆ ಸೇರುವ ದಾರಿ, ಮೇಲಿನ ಸಿಮ್‌ಲಿಂಕ್ ಅಲ್ಲ) ಪ್ರತ್ಯೇಕವಾಗಿ, ಅದರ ಡಿಎನ್‌ಎಸ್ ಸರ್ವರ್ ಯಾವುದು, ಯಾವ ಡೊಮೇನ್ ಅದರ ಪಾಲಿಗೆ ಬಂದಿದೆ ಎಂದು ಅದು ಬಿಡಿಸಿ ತೋರಿಸುತ್ತದೆ.

ಅಲ್ಲಿ ನೀವು ನೋಡಬೇಕಾದದ್ದು ಎರಡು. ಕಚೇರಿಯ ಕೇಬಲ್ ಕೊಂಡಿಯ ಕೆಳಗೆ ನಿಮ್ಮ ರೌಟರ್‌ನ ವಿಳಾಸ, ಉದಾಹರಣೆಗೆ 192.168.1.1, ಇರಬೇಕು. ಕೌಂಟರ್ ಯಂತ್ರಕ್ಕೆ ಸ್ಥಿರ ಐಪಿ (ಬದಲಾಗದ ಅಂಕಿ ವಿಳಾಸ) ಕೊಟ್ಟಿದ್ದರೆ ಅದು ಖಾಲಿ ಇರುವ ಸಾಧ್ಯತೆ ಇದೆ. ಆಗ /ಇಟಿಸಿ/ಸಿಸ್ಟಮ್‌ಡಿ/ರಿಸಾಲ್ವ್‌ಡ್.ಕಾನ್ಫ್ ತೆರೆದು, ರಿಸಾಲ್ವ್ ಎಂಬ ತಲೆಬರಹದ ಕೆಳಗೆ ‘ಡಿಎನ್‌ಎಸ್=192.168.1.1’ ಎಂದು, ಇಲ್ಲಿನ ಡಿಎನ್‌ಎಸ್ ಅನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ, ಬರೆದು (ಸಾಲಿನ ಮುಂದೆ ಹ್ಯಾಶ್ ಗುರುತು ಇದ್ದರೆ ತೆಗೆಯಿರಿ), ‘ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಸಿಸ್ಟಮ್‌ಡಿ-ರಿಸಾಲ್ವ್‌ಡ್’ ಮಾಡಿ. ನಿಮ್ಮ ರೌಟರ್‌ನ ವಿಳಾಸ ತಿಳಿಯದಿದ್ದರೆ ‘ಐಪಿ ರೂಟ್’ (ದಾರಿ ಎಂಬ ಅರ್ಥದ ರೂಟ್) ಎಂದು ಕೇಳಿ. ಡಿಫಾಲ್ಟ್ ಎಂದು ಆರಂಭವಾಗುವ ಸಾಲಿನಲ್ಲಿ ಸಿಗುತ್ತದೆ.

ಎರಡನೆಯದು ವಿಪಿಎನ್ ಕೊಂಡಿ. ಅದನ್ನು ಒಮ್ಮೆ ಕಡಿದು ಮತ್ತೆ ಜೋಡಿಸಿ, ಏಕೆಂದರೆ ವಿಪಿಎನ್ ತನ್ನ ಡಿಎನ್‌ಎಸ್ ವಿವರವನ್ನು ರಿಸಾಲ್ವ್‌ಡ್‌ಗೆ ಹೇಳುವುದು ಜೋಡಣೆಯಾಗುವ ಕ್ಷಣದಲ್ಲಿ ಮಾತ್ರ. ಜೋಡಣೆಯಾದ ಮೇಲೆ ‘ಟುನ್0’ ಅಥವಾ ಅಂತಹದೇ ಹೆಸರಿನ ಕೊಂಡಿಯ ಕೆಳಗೆ ಕೇಂದ್ರ ಕಚೇರಿಯ ಸರ್ವರ್‌ನ ಅಂಕಿ ಮತ್ತು ಅವರ ಡೊಮೇನ್ ಕಾಣಬೇಕು. ಡೊಮೇನ್‌ನ ಮುಂದೆ ಅಲೆಯಂತಹ ಟಿಲ್ಡೆ ಗುರುತು ಇದ್ದರೆ ಅದು ತಪ್ಪಲ್ಲ. ‘ಈ ಡೊಮೇನ್‌ನ ಹೆಸರುಗಳೆಲ್ಲ ಈ ದಾರಿಯಲ್ಲಿ’ ಎಂದು ಅದರ ಅರ್ಥ. ಕಾಣದಿದ್ದರೆ ಕೈಯಿಂದಲೇ ಹೇಳಿ ಪರೀಕ್ಷಿಸಬಹುದು. ‘ಸುಡೊ ರಿಸಾಲ್ವ್‌ಸಿಟಿಎಲ್ ಡಿಎನ್‌ಎಸ್ ಟುನ್0’ ಎಂದು ಬರೆದು ಮುಂದೆ ಅವರ ಸರ್ವರ್‌ನ ಅಂಕಿ ಕೊಡಿ. ನಂತರ ‘ಸುಡೊ ರಿಸಾಲ್ವ್‌ಸಿಟಿಎಲ್ ಡೊಮೇನ್ ಟುನ್0’ ಎಂದು ಬರೆದು ಮುಂದೆ ಟಿಲ್ಡೆಯೊಂದಿಗೆ ಅವರ ಡೊಮೇನ್ ಕೊಡಿ. ಇದು ತಾತ್ಕಾಲಿಕ, ವಿಪಿಎನ್ ಮರುಜೋಡಣೆಯಾದರೆ ಅಳಿಸಿಹೋಗುತ್ತದೆ. ಆದರೆ ಇದರಿಂದ ತಂತ್ರಾಂಶ ತೆರೆದರೆ ದೋಷ ವಿಪಿಎನ್‌ನ ಸಂರಚನೆಯಲ್ಲಿದೆ ಎಂದು ಖಾತ್ರಿಯಾಯಿತು. ಓಪನ್‌ವಿಪಿಎನ್ ಬಳಸುತ್ತಿದ್ದರೆ ‘ಓಪನ್‌ವಿಪಿಎನ್-ಸಿಸ್ಟಮ್‌ಡಿ-ರಿಸಾಲ್ವ್‌ಡ್’ ಎಂಬ ಪುಟ್ಟ ಪ್ಯಾಕೇಜ್ ಇದೆಯೇ, ಸಂರಚನೆಯ ಕಡತದಲ್ಲಿ ಅದರ ಸ್ಕ್ರಿಪ್ಟ್ ಕರೆಯುವ ಸಾಲುಗಳು ಉಳಿದಿವೆಯೇ ನೋಡಿ.

ಇಷ್ಟೆಲ್ಲ ಮಾಡುವವರೆಗೆ ಕೌಂಟರ್ ಕಾಯಲಾರದು ಎಂದಿದ್ದರೆ ಒಂದು ಅಡ್ಡದಾರಿ ಇದೆ. /ಇಟಿಸಿ/ಹೋಸ್ಟ್ಸ್ ಕಡತದ ಕೊನೆಗೆ ಕೇಂದ್ರ ಕಚೇರಿಯ ತಂತ್ರಾಂಶದ ಐಪಿ ವಿಳಾಸ, ಒಂದು ಖಾಲಿ ಜಾಗ, ಅದರ ಪೂರ್ಣ ಹೆಸರು, ಇಷ್ಟು ಬರೆದರೆ ಡಿಎನ್‌ಎಸ್‌ನ ಹಂಗಿಲ್ಲದೆ ಆ ಒಂದು ಹೆಸರು ತೆರೆಯುತ್ತದೆ. ಅಂಕಿಯನ್ನು ಕೇಂದ್ರ ಕಚೇರಿಯವರಿಂದ ಫೋನ್ ಮಾಡಿ ಪಡೆಯಿರಿ. ಕೆಲಸ ಮುಗಿದ ದಿನವೇ ಆ ಸಾಲನ್ನು ತೆಗೆಯಿರಿ. ಇಲ್ಲದಿದ್ದರೆ ಅವರು ಸರ್ವರ್ ಬದಲಿಸಿದಾಗ ನಿಮ್ಮ ಯಂತ್ರವೊಂದೇ ಹಳೆಯ ವಿಳಾಸಕ್ಕೆ ಹೋಗುತ್ತಿರುತ್ತದೆ, ಏಕೆಂದು ಯಾರಿಗೂ ಹೊಳೆಯುವುದಿಲ್ಲ.

ಪರೀಕ್ಷೆ ಮಾಡುವಾಗ ಆಗುವ ಒಂದು ಗೊಂದಲವನ್ನೂ ಹೇಳಿಬಿಡುತ್ತೇನೆ. ‘ಡಿಗ್’, ‘ಎನ್‌ಎಸ್‌ಲುಕಪ್’ ಆಜ್ಞೆಗಳು ಡಿಎನ್‌ಎಸ್ ಸರ್ವರನ್ನು ನೇರವಾಗಿ ಕೇಳುತ್ತವೆ. ಪಿಂಗ್ ಮತ್ತು ಇತರ ಬಹುತೇಕ ಪ್ರೋಗ್ರಾಂಗಳು ಹಾಗೆ ಕೇಳುವುದಿಲ್ಲ. ಅವು ಮೊದಲು /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ಕಡತದ ‘ಹೋಸ್ಟ್ಸ್’ ಎಂಬ ಸಾಲಿನಲ್ಲಿರುವ ಕ್ರಮದಂತೆ ನಡೆಯುತ್ತವೆ: ‘ಫೈಲ್ಸ್’ ಎಂದರೆ ಹೋಸ್ಟ್ಸ್ ಕಡತ, ‘ಡಿಎನ್‌ಎಸ್’ ಎಂದರೆ ರಿಸಾಲ್ವ್.ಕಾನ್ಫ್‌ನಲ್ಲಿರುವ ಸರ್ವರ್. ಆದ್ದರಿಂದ ಡಿಗ್‌ನಲ್ಲಿ ಉತ್ತರ ಬಂದು ಪ್ರೋಗ್ರಾಂನಲ್ಲಿ ಬಾರದಿರುವುದು, ಅಥವಾ ಇದರ ತಿರುವು, ಎರಡೂ ಆಗಬಹುದು. ಪ್ರೋಗ್ರಾಂಗಳ ಕಣ್ಣಿನಿಂದ ನೋಡಬೇಕಾದರೆ ‘ಗೆಟ್‌ಎಂಟ್ ಹೋಸ್ಟ್ಸ್’ ಎಂದು ಬರೆದು ಮುಂದೆ ಹೆಸರು ಕೊಡಿ. ಡಿಗ್ ಸರಿ, ಗೆಟ್‌ಎಂಟ್ ತಪ್ಪು ಎಂದರೆ ಎನ್‌ಎಸ್‌ಸ್ವಿಚ್ ಸಾಲನ್ನು ಅನುಮಾನಿಸಿ. ಎರಡೂ ತಪ್ಪು ಎಂದರೆ ಮೇಲೆ ಹೇಳಿದ ದಾರಿಯಲ್ಲೇ ಹುಡುಕಿ. ಒಂದು ವೇಳೆ ಕೇಂದ್ರ ಕಚೇರಿಯ ಹೆಸರು ‘.ಲೋಕಲ್’ ಎಂದು ಮುಗಿಯುತ್ತಿದ್ದರೆ ನನಗೆ ಬರೆಯಿರಿ. 2013ರಿಂದ ಆ ಕೊನೆಯ ಪದವನ್ನು ಒಂದೇ ಜಾಲದೊಳಗಿನ ಯಂತ್ರಗಳು ತಾವು ತಾವೇ ಮಾತನಾಡಿಕೊಳ್ಳುವ ಬೇರೊಂದು ಪದ್ಧತಿಗೆ ಮೀಸಲಿಟ್ಟಿದ್ದಾರೆ, ಅದರ ತಕರಾರು ಬೇರೆಯೇ.

ಇನ್ನು ಬೀಗದ ವಿಷಯ. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ಕಚೇರಿಯಲ್ಲಿ, ರೀಬೂಟ್ ಆದಾಗಲೆಲ್ಲ ರಿಸಾಲ್ವ್.ಕಾನ್ಫ್ ಬದಲಾಗುತ್ತಿದೆ ಎಂದು ನಾನೇ ಅದಕ್ಕೆ ಸಿಎಚ್‌ಎಟಿಟಿಆರ್ ಬೀಗ ಹಾಕಿ ಬಂದಿದ್ದೆ. ಬದಲಿಸುತ್ತಿದ್ದದ್ದು ಜಾಲ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್, ಕಡತದ ತಲೆಯಲ್ಲೇ ತನ್ನ ಹೆಸರು ಬರೆದುಕೊಂಡಿತ್ತು. ನಾನು ಆ ಸಾಲನ್ನು ಓದಿದ್ದರೂ, ಅದರ ಸಂರಚನೆಯನ್ನು ತಿದ್ದುವ ಬದಲು ಸುಲಭದ ದಾರಿ ಹಿಡಿದೆ. ಎರಡು ವರ್ಷ ಎಲ್ಲವೂ ಸರಿ ಇತ್ತು. ಒಂದು ಬೇಸಿಗೆಯಲ್ಲಿ ಗುಡುಗು ಮಳೆಗೆ ರೌಟರ್ ಸುಟ್ಟು ಹೊಸದು ಬಂತು, ಅದರ ವಿಳಾಸ ಬೇರೆ. ಆ ಹೊತ್ತಿಗೆ ಅಲ್ಲಿ ಹೊಸ ಹುಡುಗ ಸೇರಿದ್ದ. ಅವನು ರೂಟ್ (ಯಂತ್ರದ ಅತ್ಯುನ್ನತ) ಅಧಿಕಾರದಿಂದಲೇ ಕಡತ ತಿದ್ದಲು ಹೋದರೆ ‘ಆಪರೇಷನ್ ನಾಟ್ ಪರ್ಮಿಟೆಡ್’. ರೂಟ್‌ಗೂ ಆಗದ ಕೆಲಸ ಇರುತ್ತದೆಯೇ? ಡಿಸ್ಕ್ ಕೆಟ್ಟಿರಬೇಕು ಎಂದುಕೊಂಡು ಅವನು ಮಧ್ಯಾಹ್ನದವರೆಗೆ ಬ್ಯಾಕಪ್ ತೆಗೆಯುತ್ತಾ ಕುಳಿತಿದ್ದ. ಸಾಮಾನ್ಯ ‘ಎಲ್‌ಎಸ್ -ಎಲ್’ ಆ ಬೀಗವನ್ನು ತೋರಿಸುವುದಿಲ್ಲ. ‘ಎಲ್‌ಎಸ್‌ಎಟಿಟಿಆರ್’ ಎಂಬ ಬೇರೆ ಆಜ್ಞೆ ಕೊಟ್ಟರೆ ಮಾತ್ರ ಗೆರೆಗಳ ನಡುವೆ ಒಂಟಿ ‘ಐ’ ಅಕ್ಷರ ಕಾಣುತ್ತದೆ. ನನಗೆ ಫೋನ್ ಬಂದಾಗ ನನಗೂ ತಕ್ಷಣ ನೆನಪಾಗಲಿಲ್ಲ. ಆ ಹುಡುಗನ ಅರ್ಧ ದಿನದ ಭಯಕ್ಕೆ ನನ್ನ ಒಂದು ಸಾಲಿನ ಆಜ್ಞೆ ಕಾರಣವಾಗಿತ್ತು. ಅಂದಿನಿಂದ ನಾನು ಯಾವ ಯಂತ್ರದಲ್ಲೂ ಆ ಕಡತಕ್ಕೆ ಬೀಗ ಹಾಕಿಲ್ಲ.

ಈ ಕಡತ ತಾನಾಗಿ ಬದಲಾಗುತ್ತಿದೆ ಎಂದರೆ ಅದನ್ನು ಯಾರೋ ಬರೆಯುತ್ತಿದ್ದಾರೆ. ರಿಸಾಲ್ವ್‌ಡ್, ನೆಟ್‌ವರ್ಕ್‌ಮ್ಯಾನೇಜರ್, ಡಿಎಚ್‌ಸಿಪಿ ಕ್ಲೈಂಟ್ (ರೌಟರ್‌ನಿಂದ ವಿಳಾಸ ಪಡೆಯುವ ಪ್ರೋಗ್ರಾಂ), ಇವುಗಳಲ್ಲಿ ಒಂದು. ಯಾರೆಂದು ತಿಳಿಯಲು ಕಡತದ ಮೊದಲ ಎರಡು ಸಾಲುಗಳ ಮೇಲೆ ಕಣ್ಣಾಡಿಸಿ, ಬಾಣ ಇದೆಯೇ ನೋಡಿ, ಸಾಕು. ತಿದ್ದಬೇಕಾದದ್ದು ಆ ಬರೆಯುವವರ ಸಂರಚನೆಯನ್ನು. ಬರೆಯುವವರು ಯಾರೂ ಇಲ್ಲದ, ಸ್ಥಿರ ಐಪಿಯ, ವಿಪಿಎನ್ ಇಲ್ಲದ ಯಂತ್ರದಲ್ಲಿ ಸಾದಾ ಕಡತವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ರಿಸಾಲ್ವ್‌ಡ್ ಹಾಕಿ ಭಾರ ಹೆಚ್ಚಿಸಬೇಕಿಲ್ಲ. ನಿಮ್ಮ ಇನ್ನೆರಡು ಯಂತ್ರಗಳನ್ನು ಹಾಗೆಯೇ ಬಿಡಿ.

ಒಂದು ಚಿಕ್ಕ ಅಂಶ. ತಿಂಗಳುಗಟ್ಟಲೆ ಆರಿಸದ ಹಳೆಯ ಯಂತ್ರವನ್ನು ಅಪ್‌ಗ್ರೇಡ್ ಸಲುವಾಗಿ ಆರಿಸಿದಾಗ, ಮದರ್‌ಬೋರ್ಡಿನ ಗಡಿಯಾರ ನಡೆಸುವ, ನಾಣ್ಯದಂತಹ ಸೆಲ್ ಸತ್ತಿರುವುದು ಆಗಲೇ ಬಯಲಾಗುತ್ತದೆ. ಪ್ಯಾಕೇಜ್ ತರಿಸುವ ಎಪಿಟಿ ‘ರಿಲೀಸ್ ಕಡತ ಇನ್ನೂ ಊರ್ಜಿತವಾಗಿಲ್ಲ’ ಎಂಬ ಅರ್ಥದ ದೂರು ಹೇಳಿದರೆ ಡಿಎನ್‌ಎಸ್ ಬಿಟ್ಟು ಗಡಿಯಾರ ನೋಡಿ. ದಿನಾಂಕ ಹಿಂದಕ್ಕೆ ಹೋಗಿರುತ್ತದೆ.

ಎಲ್ಲ ಸರಿಯಾದ ಮೇಲೆ ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿ, ಅದೂ ಕೌಂಟರ್ ಮುಚ್ಚಿದ ಮೇಲೆ ಸಂಜೆ. /ರನ್ ಖಾಲಿಯಾಗಿ ಮತ್ತೆ ತುಂಬಿಕೊಂಡ ನಂತರವೂ ಹೆಸರು ತೆರೆದರೆ ಮಾತ್ರ ಕೆಲಸ ಮುಗಿದಂತೆ. ಡೆಬಿಯನ್ 13 2025ರ ಆಗಸ್ಟ್‌ನಲ್ಲಿ ಬಂದಿದೆ. 12ರಿಂದ ಅದಕ್ಕೆ ಏರುವಾಗ ರಿಸಾಲ್ವ್‌ಡ್ ಪ್ಯಾಕೇಜ್ ನಿಮ್ಮಲ್ಲಿ ಇದ್ದೇ ಇರುವುದರಿಂದ ಇದೇ ತೊಂದರೆ ಮರುಕಳಿಸದು. ಆದರೂ ಅಪ್‌ಗ್ರೇಡ್‌ಗೆ ಮೊದಲು ‘ಎಲ್‌ಎಸ್ -ಎಲ್ /ಇಟಿಸಿ/ರಿಸಾಲ್ವ್.ಕಾನ್ಫ್’, ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’, ‘ಐಪಿ ರೂಟ್’ ಈ ಮೂರರ ಉತ್ತರವನ್ನು ಕಾಗದದ ಮೇಲೆ ಮುದ್ರಿಸಿ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಳ್ಳಿ. ಯಂತ್ರದೊಳಗೆ ಇಟ್ಟರೆ ಬೇಕಾದ ಹೊತ್ತಿಗೆ ಸಿಗದು. ಈಗಲೂ ತಂತ್ರಾಂಶ ತೆರೆಯದಿದ್ದರೆ ಇದೇ ಮೂರರ ಉತ್ತರವನ್ನು, ಕೇಂದ್ರ ಕಚೇರಿಯ ಹೆಸರು ಮತ್ತು ಅಂಕಿಗಳನ್ನು ಮರೆಮಾಡಿ, ನನಗೆ ಕಳುಹಿಸಿ. ಅಲ್ಲಿಂದ ಮುಂದೆ ಒಟ್ಟಿಗೆ ನೋಡೋಣ.